ಬತ್ತಿ ಹಚ್ಚದ ರಾಕೆಟ್ಟು

ನಮ್ಮ ಶಹಾಪುರದ ಓಣಿಯ ಮೈಲಾರಲಿಂಗ ಹುಟ್ಟಿದಾಗಿನಿಂದ ಬೀಡಿ ಮುಟ್ಟಿದವನಲ್ಲ. ಇದನ್ನು ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ. ಆದರೂ ಊರು ಅವನನ್ನು 'ಬೀಡಿ ಮೈಲಾರಿ' ಎಂದು ಕರೆಯಿತು. ಆ ಹೆಸರು ಬರಲು ಕಾರಣ ಗುರುಪುತ್ರಪ್ಪ ಸರ್.

ಸರ್ ಟಿಳಕವಾಡಿಯ ಒಂದು ಕಾಲೇಜಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಇವನು ಅಲ್ಲಿನ ಪ್ರಯೋಗಾಲಯದ ಜವಾನ. ಬಲೂನಿಗೆ ರಾಕೆಟ್ಟು ಕಟ್ಟಿ ಬಿಡುವುದು, ಗಾಳಿ ತೆಳ್ಳಗಿರುವ ಎತ್ತರದಲ್ಲಿ ಅದು ಹೊತ್ತಿಕೊಂಡು ಇನ್ನೂ ಮೇಲಕ್ಕೆ ಹಾರುವುದು, ಇದು ಸರ್ ಅವರ ಹುಚ್ಚು. 1978ರಲ್ಲಿ ಬಲೂನಿಗೆ ಗ್ಯಾಸು ತುಂಬುವಾಗ ಅವರೇ ಮೈಮರೆತು ಸಿಗರೇಟು ಹಚ್ಚಿದರು. ಭಗ್ಗೆಂದಿತು. ಸುಟ್ಟದ್ದು ಮೈಲಾರಲಿಂಗನ ಮುಖ. ಸರ್ ಮಾತ್ರ ಪ್ರಿನ್ಸಿಪಾಲರ ಮುಂದೆ, "ಇವ ಬೀಡಿ ಹಚ್ಚಿದ್ರೀ" ಎಂದುಬಿಟ್ಟರು.

ನೌಕರಿ ಹೋಯಿತು, ಮಚ್ಛೆಯ ಕಾರ್ಖಾನೆಯಲ್ಲಿ ಕೂಲಿ ಸಿಕ್ಕಿತು. ಅದು ಹೋಗಲಿ ಎನ್ನಬಹುದು. ಆದರೆ ಹೆಂಡತಿ ಮಾಯವ್ವ ದಿನಾ ಸಂಜೆ ಬಾಗಿಲಲ್ಲೇ ಬೀಡಿ ವಾಸನೆ ಹುಡುಕುತ್ತ ಅವನ ಅಂಗಿ ಮೂಸತೊಡಗಿದಳು. ಅದು ಅವನ ಕರುಳಿಗೇ ನಾಟಿತು.

"ಮಾನ ಮಂದಿ ಮುಂದ ತಗದಾನ. ಮಂದಿ ಮುಂದನ ವಾಪಸ್ ತಗೋತೀನಿ," ಎಂದು ನನ್ನ ಹತ್ತಿರ ಹಲ್ಲು ಕಡಿದ.

ಐದು ವರ್ಷದ ಮೇಲೆ ಸರ್ ಮತ್ತೆ ರಾಕೆಟ್ಟು ಬಿಡಲು ಹೊರಟರು. ಈ ಸಲ ಖಾನಾಪುರದ ಬಯಲಿನಲ್ಲಿ, ಶಾಮಿಯಾನ, ಮೈಕು, ಪುಢಾರಿಗಳ ಸಮೇತ. ಗ್ಯಾಸಿನ ಹತ್ತಿರ ಹೋಗಲು ಯಾರೂ ಒಪ್ಪದೆ, ಕೊನೆಗೆ ಇವನಿಗೇ ಹೇಳಿ ಕಳಿಸಿದರು. ಎಂಥ ದಪ್ಪ ಚರ್ಮ ನೋಡಿ! ಇವನು ಮಾಯವ್ವನನ್ನೂ ನನ್ನನ್ನೂ ಕರೆದುಕೊಂಡು ಬಸ್ಸು ಹತ್ತಿದ.

ಬಲೂನು ಮೇಲೇರಿ ನಿಂತಿತು. ಗ್ಯಾಸಿನಿಂದ ದೂರವಿರಲೆಂದು ರಾಕೆಟ್ಟನ್ನು ಉದ್ದ ಹಗ್ಗದ ಕೆಳತುದಿಗೆ ಕಟ್ಟಿದ್ದರು. ನಿಧಾನ ಉರಿಯುವ ಅದರ ಬತ್ತಿ ಹಚ್ಚಿ ಹಗ್ಗ ಬಿಡುವುದು ಮೈಲಾರಲಿಂಗನ ಕೆಲಸ.

"ಹಚ್ಚು! ಬಿಡು!" ಸರ್ ಮೈಕಿನಲ್ಲಿ ಕೂಗಿದರು.

ಅವನು ಹಗ್ಗ ಬಿಟ್ಟ, ಅಷ್ಟೇ. ಬಲೂನು ತಣ್ಣನೆಯ ರಾಕೆಟ್ಟನ್ನು ಎಳೆದುಕೊಂಡು ಗೋವಾದ ಕಡೆಗೆ ಹೋಯಿತು.

"ಬತ್ತಿ ಯಾಕ ಹಚ್ಚಲಿಲ್ಲೋ ಹುಚ್ಚಾ?" ಸರ್ ಮೈಕು ಹಿಡಿದುಕೊಂಡೇ ಓಡಿಬಂದರು.

ಮೈಲಾರಲಿಂಗ ಸುಟ್ಟ ಮುಖವನ್ನು ಮೈಕಿನ ಹತ್ತಿರ ತಂದ. "ನನ್ನ ಹತ್ರ ಕಡ್ಡಿಪೆಟಗಿ ಎಲ್ಲೈತ್ರೀ, ಸರ? ಅದು ನಿಮ್ಮ ಕಿಸೇದಾಗ ಐತಿ. ಗ್ಯಾಸು ಹೊತ್ತಿದ ದಿನಾನೂ ಅಲ್ಲೇ ಇತ್ತು."

ಸರ್ ಅವರ ಕೈ ತಾನಾಗಿಯೇ ಕಿಸೆ ಮುಚ್ಚಿಕೊಂಡಿತು. ಇಡೀ ಬಯಲು ನೋಡಿತು. ನನಗಂತೂ ಹೊಟ್ಟೆ ತಣ್ಣಗಾಯಿತು.

ಮಾಯವ್ವ ಮಂದಿಯನ್ನು ಸರಿಸಿಕೊಂಡು ಬಂದಳು. ಎಲ್ಲರೆದುರು ಸರ್ ಅವರ ಅಂಗಿಯನ್ನು ಮೂಸಿದಳು.

"ಇಷ್ಟ ವರ್ಷ ನಾ ಮೂಸಬೇಕಾಗಿದ್ದ ಅಂಗಿ ಇದು," ಎಂದಳು.