ಓವೈಸ್ ಮುಂದೆ ‘ಸರ್ವರ್ ಇಲ್ಲ’ ಅನ್ನಬಾರದು

ಓವೈಸನಿಗೆ ಕೋಪ ಬರಿಸಲು ಬೇರೆ ಬೈಗುಳ ಬೇಕಿಲ್ಲ. ‘ಸರ್ವರ್ ಇಲ್ಲ’ ಎಂದರೆ ಸಾಕು.

“ಸರ್ವರ್ ಎಲ್ಲೂ ಓಡೋಗಿಲ್ಲ ರಾಧಕ್ಕಾ, ರಾಮನಗರದಾಗೆ ಗೂಟ ಹೊಡ್ಕೊಂಡು ಕುಂತೈತೆ. ಅಲ್ಲಿಗೋಗೋ ದಾರಿ ಎಲ್ಲಿ ಕೆಟ್ಟೈತೆ ಅಂತ ನೋಡ್ಬೇಕು. ಸರ್ವರ್ ಇಲ್ಲ ಅಂದ್ಬುಟ್ಟು ಜನಾನ ವಾಪಸ್ ಕಳ್ಸೋದು ಸೋಂಬೇರಿ ಮಾತು!” ಎಂದು ಶುರು ಮಾಡಿದರೆ ಮುಂದಿಟ್ಟ ಟೀ ತಣ್ಣಗಾದರೂ ನಿಲ್ಲಿಸುವವನಲ್ಲ. ಅವನ ಮನೆಯಲ್ಲಿ ವೈಫೈ ಕೆಟ್ಟರೆ ಹೆಂಡತಿ ಮಹ್ವಿಶ್ ಸರಿಮಾಡಲು ಪಕ್ಕದ ಮನೆಯವರನ್ನು ಕರೆಯುತ್ತಾಳಂತೆ, ಇವನ ಕೂಗಾಟ ಯಾರು ಕೇಳಬೇಕು ಎಂದು.

ಅವನ ಅಪ್ಪ ಗಫಾರ್ ಸಾಬರು ರೀಲರ್. ಕುದಿನೀರಿನಲ್ಲಿ ರೇಷ್ಮೆ ಗೂಡು ಬೇಯಿಸಿ ನೂಲು ತೆಗೆದೂ ತೆಗೆದೂ ಅವರ ಬೆರಳುಗಳು ಬೆಂದು ಬಿಳಿಚಿಕೊಂಡಿದ್ದವು. ಮಗನನ್ನು ಅವರು ಆ ಬಿಸಿನೀರಿನ ಹತ್ತಿರ ಬಿಡಲಿಲ್ಲ, ಡಿಪ್ಲೊಮಾ ಓದಿಸಿದರು. ಈಗ ಅವನು ನಮ್ಮ ರೇಷ್ಮೆ ಸಂಸ್ಥೆಯ ಕೂಟಗಲ್, ಚನ್ನಪಟ್ಟಣ, ಕನಕಪುರ, ಮಾಗಡಿ ಕೇಂದ್ರಗಳ ಕಂಪ್ಯೂಟರುಗಳಿಗೂ ರಾಮನಗರದ ಸರ್ವರಿಗೂ ಸಂಪರ್ಕ ತಪ್ಪದಂತೆ ನೋಡಿಕೊಳ್ಳುತ್ತಾನೆ. ನಾಲ್ಕು ತಾಲ್ಲೂಕಿಗೆ ಒಬ್ಬನೇ ಒಬ್ಬ, ಒಂದೇ ಒಂದು ಬೈಕು. ಇನ್ನೊಬ್ಬನನ್ನು ಕೊಡಿ ಎಂದರೆ ಮುಖ್ಯ ಕಚೇರಿಯ ಸಾಹೇಬರಿಗೆ ಕಿವಿ ಕೇಳಿಸುವುದಿಲ್ಲ.

ಕೂಟಗಲ್ ಕೇಂದ್ರದ ಗುಮಾಸ್ತೆ ನಾನು, ರಾಧಾಮಣಿ. ಮಾಗಡಿ ಕಡೆಯ ಕಲ್ಯದವಳು. ನನ್ನ ಬಾಯೂ ಕಮ್ಮಿಯಿಲ್ಲ. ನಮ್ಮದು ಚಾಕಿ ಕೇಂದ್ರ. ಮೊಟ್ಟೆಯೊಡೆದ ರೇಷ್ಮೆ ಹುಳುವನ್ನು ಎರಡು ಜ್ವರ ದಾಟುವವರೆಗೆ ಸಾಕಿ ರೈತರಿಗೆ ಕೊಡುತ್ತೇವೆ. ಜ್ವರ ಎಂದರೆ ಕಾಯಿಲೆಯಲ್ಲ. ಹುಳು ಮೇವು ಬಿಟ್ಟು, ತಲೆಯೆತ್ತಿ ಕೂತು, ಪೊರೆ ಕಳಚುವ ಹೊತ್ತು. ಜ್ವರದಿಂದ ಎದ್ದ ಹುಳುವಿಗೆ ಸಮಯಕ್ಕೆ ಸೊಪ್ಪು ಬೀಳಲೇಬೇಕು, ಇಲ್ಲವಾದರೆ ಆ ಬೆಳೆಯ ಕಥೆ ಮುಗಿಯಿತು.

ಆ ಶುಕ್ರವಾರ ಪಕ್ಕದ ಊರಿನ ಸಿದ್ದಮ್ಮ ಬೆಳಗ್ಗೆ ಎಂಟಕ್ಕೇ ಆಟೊ ತಂದು ನಿಲ್ಲಿಸಿದ್ದಳು. ಅವಳವು ಇನ್ನೂರು ಮೊಟ್ಟೆಯ ಹುಳು; ನಮ್ಮ ಲೆಕ್ಕದಲ್ಲಿ ಒಂದು ಮೊಟ್ಟೆ ಎಂದರೆ ಒಂದು ಚಿಟ್ಟೆ ಇಟ್ಟಷ್ಟೂ, ನಾನೂರು-ಐನೂರು ಹುಳು. ಮನೆಯಲ್ಲಿ ಸೊಪ್ಪು ಕೊಯ್ದಿಟ್ಟು ಬಂದಿದ್ದಳು. ಆ ಹುಳುವಿಗೆ ಗಂಟುರೋಗವಿಲ್ಲ ಎಂಬ ಪರೀಕ್ಷೆಯ ವಿವರ ಸರ್ವರಿನಲ್ಲಿರುತ್ತದೆ. ಅದನ್ನು ನೋಡಿ ಚೀಟಿ ತೆಗೆಯದೆ ಒಂದು ಟ್ರೇಯನ್ನೂ ಹೊರಗೆ ಬಿಡುವಂತಿಲ್ಲ. ರೋಗದ ಹುಳು ಒಂದು ಮನೆಗೆ ಹೋದರೆ ಊರಿನ ಬೆಳೆಯೇ ಹೋಗುತ್ತದೆ, ಆದ್ದರಿಂದ ಆ ನಿಯಮದ ಮೇಲೆ ನನಗೆ ಸಿಟ್ಟಿಲ್ಲ. ಹೊರಗಿನ ಸೊಪ್ಪನ್ನು ಒಳಗೆ ತರುವಂತೆಯೂ ಇಲ್ಲ, ನಮ್ಮ ಸೊಪ್ಪೆಲ್ಲ ಮುಂದಿನ ತಂಡದ ಮರಿಹುಳುವಿಗೆ.

ಅವತ್ತು ಬೆಳಗ್ಗೆ ಇಂಟರ್ನೆಟ್ಟೇ ಇರಲಿಲ್ಲ, ಕಂಪ್ಯೂಟರಿಗೆ ಸರ್ವರ್ ಸಿಗಲಿಲ್ಲ. ಓವೈಸ್ ಮಾಗಡಿಯಲ್ಲಿದ್ದ. ಸಂಸ್ಥೆಯವರು ಗುತ್ತಿಗೆ ಕೊಟ್ಟಿದ್ದ ಬೆಂಗಳೂರಿನ ಸಹಾಯವಾಣಿಗೆ ಫೋನ್ ಮಾಡಿ, “ಇಲ್ಲಿ ಹುಳ ಜ್ವರದಿಂದ ಏಳ್ತಾ ಐತೆ, ಬೇಗ ಏನಾದ್ರೂ ಮಾಡ್ರಪ್ಪಾ!” ಎಂದು ಕೂಗಿದೆ. ಆ ಕಡೆಯ ಹುಡುಗಿ “ಓಕೆ ಮೇಡಂ” ಎಂದಳು. ಹತ್ತು ನಿಮಿಷಕ್ಕೆ ಇಂಟರ್ನೆಟ್ ತಾನಾಗಿಯೇ ಬಂತು, ಸರ್ವರ್ ಮಾತ್ರ ತೆರೆಯಲಿಲ್ಲ.

ಹನ್ನೊಂದೂವರೆಗೆ ಓವೈಸ್ ಬಂದ. ಬಂದವನ ಮೇಲೆ ಎಗರಿದೆ. “ಈಗ ಬತ್ತಾ ಇದ್ದೀಯಲ್ಲ! ಹುಳ ಜ್ವರದಿಂದ ಎದ್ದು ಸೊಪ್ಪು ಹುಡುಕ್ತಾ ಅವೆ!”

“ನಾನೇನು ಹಾರ್ಕೊಂಡು ಬರ್ಲಾ?” ಎಂದು ಅವನೂ ಎಗರಿದ. ಕೇಬಲ್ ಬದಲಿಸಿದ, ರೂಟರ್ ಆರಿಸಿ ಹಚ್ಚಿದ. ಚನ್ನಪಟ್ಟಣಕ್ಕೆ ಫೋನ್ ಮಾಡಿದರೆ ಅಲ್ಲಿ ಎಲ್ಲ ಸರಿಯಿತ್ತು, ಆದರೆ ಒಂದು ಕೇಂದ್ರದ ವಿವರ ಇನ್ನೊಂದರಲ್ಲಿ ತೆರೆಯುವುದಿಲ್ಲ. “ನೋಡಕ್ಕಾ, ಇಲ್ಲಿಂದ ಕೂಗಿದ್ರೆ ಸರ್ವರ್ ಓಗೊಡ್ತೈತೆ. ಒಳಕ್ಕೆ ಬತ್ತೀನಿ ಅಂದ್ರೆ ಮಾತಿಲ್ಲ. ಪಾಸ್‌ವರ್ಡ್ ತಪ್ಪಿದ್ರೆ ತಪ್ಪು ಅಂತ ಬೈಬೇಕಿತ್ತು. ಇದು ಬೈತಾನೂ ಇಲ್ಲ. ಯಾರೋ ನಮ್ಗೆ ಮಾತ್ರ ಬಾಗ್ಲು ಹಾಕವ್ರೆ.”

ಮುಖ್ಯ ಕಚೇರಿಯ ಸಾಹೇಬರು ಮೀಟಿಂಗಿನಲ್ಲಿದ್ದರು. ಅದೇನು ಮೀಟಿಂಗೋ, ಅವರ ಮನೆ ಕಾಯ! ಸಿದ್ದಮ್ಮ ಕಿಟಕಿಯ ಗಾಜಿಗೆ ಹಣೆ ಒತ್ತಿಕೊಂಡು ಒಳಗಿನ ಟ್ರೇಗಳನ್ನೇ ನೋಡುತ್ತಿದ್ದಳು. ಹುಳುಗಳು ಬರಿದಾದ ಟ್ರೇಯ ಅಂಚಿಗೆ ಹರಿಯತೊಡಗಿದ್ದವು.

ಒಂದು ಗಂಟೆಗೆ ಓವೈಸ್ ಸಹಾಯವಾಣಿಯವರನ್ನು ಹಿಡಿದು, ಫೋನನ್ನು ಸ್ಪೀಕರಿಗೆ ಹಾಕಿದ. ಈ ಸಲ ಒಬ್ಬ ಹುಡುಗ. “ಹೌದು ಸಾರ್, ನಿಮ್ಮ ಸೆಂಟರನ್ನ ನಾವೇ ಬ್ಲಾಕ್ ಮಾಡಿದ್ದೀವಿ. ನಿಮ್ಮ ಮೇಡಮ್ಮೇ ಬೆಳಗ್ಗೆ ಕಂಪ್ಲೇಂಟ್ ಕೊಟ್ರಲ್ಲ, ಹುಳ ಇದೆ ಅಂತ. ವರ್ಮ್ ಅಂತ ಬರೆದಿದ್ದೀವಿ. ಬೇರೆ ಕಂಪ್ಯೂಟರಿಗೆ ಹರಡಬಾರದು ನೋಡಿ.”

ಕಂಪ್ಯೂಟರಿನವರ ಭಾಷೆಯಲ್ಲಿ ವರ್ಮ್ ಎಂದರೆ ವೈರಸ್ಸಿನ ಅಣ್ಣತಮ್ಮ ಎಂದು ನನಗೆ ಅವತ್ತೇ ಗೊತ್ತಾದದ್ದು.

ಓವೈಸ್ ಮೇಜು ಗುದ್ದಿದ. “ಅಯ್ಯೋ ನಿಮ್ಮ! ಇದು ರೇಷ್ಮೆ ಹುಳ ಕಣ್ರೀ! ಸೊಪ್ಪು ತಿನ್ನೋ ಹುಳ! ತೆಗೀರಿ ಬ್ಲಾಕ್!”

“ಅರ್ಥ ಆಯ್ತು ಸಾರ್. ಆದ್ರೆ ಹುಳ ಎಲ್ಲ ಸತ್ತಿವೆ ಅಂತ ಸೆಂಟರಿನ ಮೇಡಂ ಬಾಯಲ್ಲೇ ಹೇಳಬೇಕು, ರೆಕಾರ್ಡ್ ಆಗುತ್ತೆ. ಆಮೇಲೇ ತೆಗೆಯೋಕೆ ಬರೋದು. ಬೇರೆ ಆಪ್ಷನ್ ಇಲ್ಲ ನಮ್ಮಲ್ಲಿ.”

ಹುಳು ಸಾಕುವ ಮನೆಯಲ್ಲಿ ಆ ಮಾತನ್ನು ಯಾರೂ ಆಡುವುದಿಲ್ಲ. ಕೈಗೆ ಬಂದ ಬೆಳೆ ನೆಲಕಚ್ಚಿದರೂ ನಮ್ಮವ್ವ ‘ಈ ಸಲ ಕೈ ಹಿಡೀಲಿಲ್ಲ’ ಎನ್ನುತ್ತಿದ್ದಳೇ ಹೊರತು ಸತ್ತವು ಎಂದವಳಲ್ಲ. ಫೋನನ್ನು ಓವೈಸನ ಕಡೆಗೆ ತಳ್ಳಿದೆ.

“ಅದನ್ನ ಮಾತ್ರ ಹೇಳ್ಸಬ್ಯಾಡಿ!” ಓವೈಸ್ ಕಿರುಚಿದ. “ನಮ್ಮಪ್ಪ ಹುಳ ಸಮೇತ ಗೂಡು ಬೇಯಿಸೋರು ಕಣ್ರೀ, ಅವ್ರೂ ಹುಳದ ಮನೆ ಬಾಗ್ಲಲ್ಲಿ ನಿಂತು ಆ ಮಾತು ಆಡ್ತಿರ್ಲಿಲ್ಲ. ನಿಮ್ಮ ದೊಡ್ಡೋರ್ಗೆ ಕೊಡ್ರೀ ಫೋನು!”

“ಅವರು ಊಟಕ್ಕೆ ಹೋಗಿದ್ದಾರೆ ಸಾರ್.”

ಸಿದ್ದಮ್ಮ ಯಾವಾಗ ಒಳಗೆ ಬಂದಳೋ ನೋಡಲಿಲ್ಲ. ಎಲ್ಲ ಕೇಳಿಸಿಕೊಂಡಿದ್ದಳು. ಮೇಜಿನ ಮೇಲಿನ ಫೋನನ್ನು ಎತ್ತಿ ಬಾಯಿಗೆ ಹಿಡಿದಳು. “ನಾನೇ ಕಣಪ್ಪಾ ಮೇಡಮ್ಮು. ಸತ್ತವೆ. ಹುಳ ಎಲ್ಲಾ ಸತ್ತವೆ. ಒಂದೂ ಉಳ್ದಿಲ್ಲ. ಬರ್ಕೊಂಡ್ಯಾ?”

“ಥ್ಯಾಂಕ್ಯೂ ಮೇಡಂ.”

ಐದು ನಿಮಿಷಕ್ಕೆ ಸರ್ವರ್ ತೆರೆಯಿತು, ಚೀಟಿ ಬಂತು. ರೋಗವಿಲ್ಲ ಎಂದೇ ಇತ್ತು. ಓವೈಸ್ ಟ್ರೇಗಳನ್ನು ಎತ್ತೆತ್ತಿ ಆಟೊಗೆ ಇಟ್ಟ. ಕೆಳಗಿನ ಎರಡು ಟ್ರೇಗಳ ಹುಳು ಆಗಲೇ ಮೆತ್ತಗಾಗಿದ್ದವು. ಅವನ್ನು ಸಿದ್ದಮ್ಮ ತೊಡೆಯ ಮೇಲೇ ಇಟ್ಟುಕೊಂಡಳು.

“ಸಿದ್ದಕ್ಕಾ, ಬುಡ್ತು ಅನ್ನು” ಎಂದೆ. “ಅಂಥಾ ಮಾತಾಡ್ಬುಟ್ಟೆ, ಒಂದ್ಸಲ ಬುಡ್ತು ಅನ್ನು.”

“ನೀವೇ ಅಂದ್ಕೊಳ್ಳಿ ಕುಂತ್ಕೊಂಡು. ನನ್ ಹುಳ ಹಸ್ಕೊಂಡವೆ” ಎಂದಳು. ನನ್ನ ಮುಖ ನೋಡಲಿಲ್ಲ. ಆಟೊ ಹೊರಟಿತು.

ಓವೈಸ್ ಮೆಟ್ಟಿಲ ಮೇಲೆ ಕೂತ. ಇಷ್ಟು ಹೊತ್ತು ಅವನ ಮೇಲೆ ಕೂಗಾಡಿದವಳು ನಾನು, ಬಾಗಿಲು ಹಾಕಿಸಿದವಳೂ ನಾನೇ. ಅವನು ಆ ಮಾತೆತ್ತಲಿಲ್ಲ. ನನಗೆ ತಡೆಯಲಾಗಲಿಲ್ಲ.

“ಬೈಯೋ, ಒಂದ್ಸಲ ಬೈದ್ಬುಡು ನನ್ನ.”

“ಏನಂತ ಬೈಲಕ್ಕಾ?” ಅವನ ದನಿ ಸಿಟ್ಟಿಗೆ ನಡುಗುತ್ತಿತ್ತು. “ನೀನು ಹುಳಾನ ಹುಳ ಅಂದೆ, ಅಷ್ಟೇ ತಾನೆ.”