ಪಕ್ಕೆಲುಬು ಕಾಣುವ ನಾಯಿ

…ಅಲ್ಲ, ಅದು ಬೂದು ಬಣ್ಣದ್ದಾಗಿರಲಿಲ್ಲವೇನೋ. ಕಂದು ಇದ್ದಿರಬಹುದು. ಹತ್ತು ವರ್ಷದಲ್ಲಿ ನಾಯಿಯ ಬಣ್ಣವನ್ನೇ ಬದಲಾಯಿಸಿಕೊಂಡವನನ್ನು ಮಿಕ್ಕ ವಿಷಯದಲ್ಲಿ ಎಷ್ಟು ನಂಬಬೇಕೆಂದು ನೀವೇ ನೋಡಿಕೊಳ್ಳಿ. ಅದರ ಪಕ್ಕೆಲುಬುಗಳು ಮಾತ್ರ ನಿಜ.

ಕಾಫಿ ತೋಟ ಮಾರಿ ಸ್ವದೇಶಕ್ಕೆ ಹೊರಟ ಬಿಳಿಯ ದೊರೆಯೊಬ್ಬ ಎರಡು ನಾಯಿಗಳನ್ನು ಹಾಸನದ ಕಡೆಯ ಒಂದು ದನದ ಆಸ್ಪತ್ರೆಯಲ್ಲಿ ಬಿಟ್ಟುಹೋಗಿದ್ದ. ಗುಂಡಗಿದ್ದ ಕುಳ್ಳ ನಾಯಿಯನ್ನು ಎರಡೇ ದಿನಕ್ಕೆ ಯಾರೋ ಒಯ್ದರು. ಉಳಿದದ್ದು ಇದು. ಮೊಲದ ಬೇಟೆಗೆಂದೇ ಬೆಳೆಸಿದ ಜಾತಿ. ಎಷ್ಟು ತಿಂದರೂ ಮೈಗೆ ಹತ್ತದು. ಉದ್ದ ಮೂತಿ, ಬಿಲ್ಲಿನಂಥ ಬೆನ್ನು, ಹೊಟ್ಟೆಯಿರಬೇಕಾದ ಜಾಗದಲ್ಲಿ ಬರಿಯ ಗಾಳಿ.

ಆಸ್ಪತ್ರೆಯ ಕಾಂಪೌಂಡರ್ ನಂಜಪ್ಪ ನಮ್ಮ ಪಕ್ಕದ ಮನೆಯವನು. ಸೋಮವಾರ ನಾಯಿಯನ್ನು ಕಟ್ಟಿದ್ದ ಕೊಟ್ಟಿಗೆಗೆ ಕಾಲುಬಾಯಿ ಜ್ವರದ ದನಗಳು ಬರುವುದಿತ್ತು. ಅಷ್ಟರಲ್ಲಿ ನಾಯಿಗೆ ಮನೆ ಸಿಗದಿದ್ದರೆ ಸೂಜಿ ಚುಚ್ಚಿ ಸಾಯಿಸಬೇಕು. ಚುಚ್ಚಬೇಕಾದವನು ತಿಂಗಳಿಡೀ ಅದಕ್ಕೆ ಮುದ್ದೆ ಹಾಕಿದ್ದ ನಂಜಪ್ಪನೇ.

“ನನ್ ಕೈಲಿ ಆಗಕಿಲ್ಲ ಸಾ. ನೀವು ಮೇಷ್ಟ್ರು, ನಿಮ್ ಮಾತು ಕೇಳ್ತಾರೆ” ಎಂದ. ನನ್ನ ಮಾತನ್ನು ಕೇಳುವ ಜನರನ್ನು ಆವರೆಗೆ ನಾನು ಕಂಡಿರಲಿಲ್ಲ. ಆದರೂ ಹೊಗಳಿಕೆಗೆ ಬಿದ್ದು ಶನಿವಾರ ಹಗ್ಗ ಹಿಡಿದು ಹೊರಟೆ.

ದುದ್ದದಲ್ಲಿ ಪರಿಚಯದ ಗೌಡರೊಬ್ಬರು ಅದರ ಹಲ್ಲು ನೋಡಿದರು, ಉಗುರು ಎಣಿಸಿದರು, ಕಾಲನ್ನು ಮೆಚ್ಚಿದರು. ಆಮೇಲೆ ಹಗ್ಗವನ್ನು ನನ್ನ ಕೈಗೇ ಕೊಟ್ಟರು. “ಚೆನ್ನಾಗೈತೆ ಕಣ್ರೀ. ಇದ್ನ ಬಾಗ್ಲಲ್ಲಿ ಕಟ್ಟುದ್ರೆ ಓಗೋರು ಬರೋರು ಏನಂದಾರು? ಇವ್ರ ಮನೇಲಿ ನಾಯಿಗೂ ಒಂದು ಮುದ್ದೆ ಇಲ್ಲ ಅನ್ನಲ್ವಾ?”

ನಮ್ಮ ಸೀಮೆಯಲ್ಲಿ ಮನೆಯ ಮರ್ಯಾದೆ ನಾಯಿಯ ಹೊಟ್ಟೆಯಲ್ಲಿದೆಯೆಂದು ನನಗೆ ತಿಳಿದದ್ದು ಆಗ. ದಂಡಿಗನಹಳ್ಳಿಯಲ್ಲೂ ಅದೇ ಉತ್ತರ. ಅಲ್ಲಿನ ಯಜಮಾನಿ ನಾಯಿಗೊಂದು ಮುದ್ದೆ ಹಾಕಿದರು; ನನ್ನನ್ನು ಒಮ್ಮೆ ನೋಡಿ, ಒಳಗೆ ಹೋಗಿ ಇನ್ನೊಂದು ತಂದರು. ಇಬ್ಬರೂ ತಿಂದೆವು. ಇಬ್ಬರ ಮೈಗೂ ಹತ್ತಲಿಲ್ಲ. ದಾರಿಯಲ್ಲಿ ಒಂದು ವೀರಗಲ್ಲು ಸಿಕ್ಕಿತು. ಅದರಲ್ಲಿ ಹಂದಿಯ ಮೇಲೆ ಎರಗುವ ನಾಯಿಗೂ ಹೊಟ್ಟೆಯಿಲ್ಲ. ಕಲ್ಲಿನದಾದರೆ ಅದು ಶೌರ್ಯ, ಜೀವವಿದ್ದರೆ ಹಸಿವು.

ಭಾನುವಾರ ಸಂಜೆ ಚನ್ನರಾಯಪಟ್ಟಣ ಮುಟ್ಟಿದಾಗ ಬಟ್ಟೆ ಅಂಗಡಿಯ ಪದ್ಮಯ್ಯನವರು ಬಾಗಿಲು ಹಾಕುತ್ತಿದ್ದರು. ಜೈನರು, ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕು. ಬೇಡವೆನ್ನಿಸಿಕೊಳ್ಳುವುದು ರೂಢಿಯಾಗಿದ್ದರಿಂದ, ನಾಯಿ ಸಣಕಲೆಂದು ನಾನೇ ಮೊದಲು ಹೇಳಿಬಿಟ್ಟೆ.

“ಸಣ್ಣಗಿದ್ರೆ ತಪ್ಪೇನು ಮೇಷ್ಟ್ರೇ? ನಮ್ಮಮ್ಮ ಇದಕ್ಕಿಂತ ಸಣ್ಣಗವ್ರೆ. ಉಪವಾಸ ಮಾಡಿ ಮಾಡಿ ಹಂಗಾಗವ್ರೆ ಅಂತ ಊರೇ ಕೈ ಮುಗೀತದೆ” ಎಂದರು. ಆಮೇಲೆ ಒಂದೇ ಪ್ರಶ್ನೆ: “ಏನ್ ತಿಂತದೆ?”

“ಮುದ್ದೆ” ಎಂದೆ. ನಂಜಪ್ಪನ ಕೈಯಲ್ಲಿ ಅದು ತಿಂದದ್ದು ಮುದ್ದೆಯನ್ನೇ. ಆದರೆ ಮೊಲದ ವಿಷಯ? ನನ್ನ ಒಂದು ನೆನಪಿನಲ್ಲಿ ಅದನ್ನೂ ಹೇಳುತ್ತೇನೆ. ಅವರು ನಕ್ಕು ಹಗ್ಗ ತೆಗೆದುಕೊಳ್ಳುತ್ತಾರೆ. ಇನ್ನೊಂದರಲ್ಲಿ ಆ ಮಾತನ್ನು ನುಂಗಿಕೊಳ್ಳುತ್ತೇನೆ. ಮೊದಲನೆಯದು ಹೆಚ್ಚು ಚೆನ್ನಾಗಿದೆ, ಅದಕ್ಕೇ ಅದರ ಮೇಲೆ ಗುಮಾನಿ.

ಸೋಮವಾರ ನಂಜಪ್ಪ ಸೂಜಿಯನ್ನು ಕುದಿಸದೆ ಪೆಟ್ಟಿಗೆಯಲ್ಲಿಟ್ಟ.

ಆಮೇಲೆ ಎರಡು ಮೂರು ಸಲ ಆ ಅಂಗಡಿಗೆ ಹೋಗಿದ್ದೇನೆ. ಹೊತ್ತು ಮುಳುಗುವ ಮುಂಚೆ ಊಟ ಮುಗಿಸಿ ಅದು ಮೆಟ್ಟಿಲ ಮೇಲೆ ಮಲಗಿರುತ್ತಿತ್ತು, ಅಷ್ಟೇ ಸಣ್ಣಗೆ. ಹಿತ್ತಿಲಾಚೆ ಹುರುಳಿ ಹೊಲ, ಅಲ್ಲಿ ಮೊಲಗಳಿದ್ದವು. ಅದು ಎಂದಾದರೂ ಅತ್ತ ಓಡಿತೇ, ಪದ್ಮಯ್ಯನವರು ನೋಡಿದರೇ, ನಾನು ಕೇಳಲಿಲ್ಲ. ನನಗೆ ಗೊತ್ತಿಲ್ಲ.