ಸ್ಟೌ ಪಿನ್ನಿಗೆ ಸಿಕ್ಕಿದ ನೀಲಿ ನೂಲು

ಬಂಕಿನವನು ಡೀಸೆಲ್ಲಿಗೆ ಏನನ್ನೂ ಬೆರೆಸಿರಲಿಲ್ಲ. ನಮ್ಮ ಇಂಜಿನ್ ನಿಂತದ್ದು ನನ್ನ ಹಳೇ ಸೀರೆಯಿಂದ.

ಚಿನ್ನದ ಗಣಿಗಳು ಇನ್ನೂ ನಡೆಯುತ್ತಿದ್ದ ಕಾಲ. ಬಂಗಾರಪೇಟೆ ಪಕ್ಕದ ನಮ್ಮೂರಲ್ಲಿ ಬಾವಿ ನೀರೆತ್ತಲು ಡೀಸೆಲ್ ಇಂಜಿನ್ ಇಟ್ಟಿದ್ದೆವು. ಅವತ್ತು ಟೊಮೇಟೊ ಸಸಿ ನೆಟ್ಟಿದ್ದೆವು. ನೆಟ್ಟ ದಿನವೇ ನೀರು ಕಾಣದ ಸಸಿ ಬಿಸಿಲಿಗೆ ತಲೆ ಬಾಗಿಸಿದರೆ ಮತ್ತೆ ಏಳುವುದಿಲ್ಲ. ಕೊನೆಯ ಸಾಲು ಮುಗಿಸಿ ಹ್ಯಾಂಡಲ್ ತಿರುಗಿಸಿದರೆ ಇಂಜಿನ್ ಎರಡು ಸಲ ಕೆಮ್ಮಿ, ಕರೀ ಹೊಗೆ ಕಾರಿ ಸುಮ್ಮನಾಯಿತು. ನಮ್ಮನೆಯವರು ಬಂಕಿನವನ ವಂಶವನ್ನೆಲ್ಲ ಬೈದರು.

ಕೋರಮಂಡಲ್ ಗಣಿಯಲ್ಲಿ ಫಿಟ್ಟರಾಗಿದ್ದ ನನ್ನ ತಮ್ಮ ನಾಟಿಗೆಂದು ಬಂದಿದ್ದ. ಡೀಸೆಲ್ ಚಿಮ್ಮಿಸುವ ಮೂತಿಯನ್ನು, ಅದೇ ನಾಜಲ್ಲನ್ನು, ಬಿಚ್ಚಿದ. ಅದರ ಮೂರೂ ತೂತು ಕಟ್ಟಿಕೊಂಡಿದ್ದವು. ಸೀಮೆಎಣ್ಣೆಯಲ್ಲಿ ನೆನೆಹಾಕಿ, ಹಿತ್ತಾಳೆ ಬ್ರಷ್ಷಿನಲ್ಲಿ ಮಸಿ ಉಜ್ಜಿದ. ತೂತು ಬಿಡಿಸಲು ನಮ್ಮನೆಯವರು ಗೋಣಿ ಹೊಲಿಯುವ ದಬ್ಬಳ ತಂದರು. ತಮ್ಮ ನಕ್ಕ. ಅದು ಕೂದಲೆಳೆಯಷ್ಟು ತೂತು. ನನಗೆ ಥಟ್ಟನೆ ಹೊಳೆಯಿತು. ಓಡಿಹೋಗಿ ಪಂಪ್ ಸ್ಟೌವಿನ ತೂತು ಚುಚ್ಚುವ, ತುದಿಗೆ ಸಣ್ಣ ತಂತಿಯಿರುವ ಪಿನ್ ತಂದೆ. ತಮ್ಮ ಅದನ್ನು ನನ್ನ ಕೈಗೇ ವಾಪಸು ಕೊಟ್ಟ.

"ನಂದು ಸುತ್ಗೆ ಇಡಿಯೋ ಕೈ ಅಕ್ಕಾ. ತಂತಿ ಮುರುದ್ರೆ ತೂತೊಳ್ಗೇ ನಿಂತೋಯ್ತದೆ. ನೀನೇ ಆಡ್ಸು."

ದಿನಾ ಸ್ಟೌ ಚುಚ್ಚುವವಳಿಗೆ ಇದೇನು ಹೊಸದಲ್ಲ. ತಿರುಚಬಾರದು, ನೆಟ್ಟಗೆ ಇಳಿಸಿ ನೆಟ್ಟಗೆ ಎಳೆಯಬೇಕು. ಎರಡು ತೂತು ಬಿಟ್ಟವು. ಮೂರನೆಯದು ಪಿನ್ನನ್ನು ಕಚ್ಚಿ ಹಿಡಿಯಿತು. ತಿರುಚದೆ ಮೆಲ್ಲಗೆ ಎಳೆದೆ, ಬಂತು. ಮತ್ತೆ ನೆನೆಸಿ, ಮತ್ತೆ ಚುಚ್ಚಿ, ಪಿನ್ನನ್ನು ಸೀಮೆಎಣ್ಣೆಯಲ್ಲಿ ಅಲುಗಿಸಿದೆ. ಅದಕ್ಕೆ ಸಿಕ್ಕಿದ್ದ ನೀಲಿ ನೂಲಿನ ಒಂದು ಚೂರು ತೇಲಿತು.

ನೋಡಿದ ಕೂಡಲೇ ಗುರುತು ಸಿಕ್ಕಿತು. ಕ್ಯಾನಿನ ಡೀಸೆಲ್ಲನ್ನು ಹಳೇ ನೀಲಿ ಸೀರೆ ತುಂಡಿನಲ್ಲಿ ಸೋಸಿ ಹಾಕುತ್ತಿದ್ದವಳು ನಾನು. ನೂಲನ್ನು ತಡೆಯಬೇಕಾದ ಇಂಜಿನ್ ಫಿಲ್ಟರ್ ಹರಿದಿದ್ದು ಯಾರಿಗೂ ಗೊತ್ತಿರಲಿಲ್ಲ.

"ಬಂಕಿನೋನ್ದೇನೂ ತಪ್ಪಿಲ್ಲ. ನನ್ ಸೀರೆ ನೂಲದು," ಅಂದೆ.

"ಆಲು ಸೋಸ್ದಂಗೆ ಸೋಸವ್ಳೆ ಕಣ್ಲಾ ನಿಮ್ಮಕ್ಕ. ಎಪ್ಪಾಕಿದ್ರೆ ಮೊಸ್ರೂ ಆಗ್ತಿತ್ತು," ಅಂದರು ನಮ್ಮನೆಯವರು.

ತಮ್ಮ ನಾಜಲ್ಲನ್ನು ಇಂಜಿನ್ನಿಗೆ ಕೂರಿಸುವ ಮುಂಚೆ ಹೊರಗಡೆಯೇ ಡೀಸೆಲ್ ಪೈಪಿಗೆ ಸಿಕ್ಕಿಸಿ, ಮೂತಿಯನ್ನು ಬಯಲಿಗೆ ತಿರುಗಿಸಿದ. ಆ ಚಿಮ್ಮು ಚರ್ಮವನ್ನೇ ತೂರುತ್ತದೆ, ಯಾರೂ ಕೈ ಅಡ್ಡ ಇಡಬಾರದು ಅಂದ. ಹ್ಯಾಂಡಲ್ ತಿರುಗಿದಂತೆ ಕಿರ್ ಕಿರ್ ಎಂದು ಮೂರೂ ತೂತಿನಿಂದ ಮಂಜು ಹಾರಿತು. ಒಂದು ಹನಿಯೂ ತೊಟ್ಟಿಕ್ಕಲಿಲ್ಲ. ಕೂರಿಸಿ ತಿರುಗಿಸಿದರೆ ಇಂಜಿನ್ ಡಬಡಬ ಎಂದಿತು. ಕಾಲುವೆಗೆ ನೀರು ಬಿದ್ದದ್ದೇ ನಾನು ಗುದ್ದಲಿ ಹಿಡಿದು ಅದರ ಮುಂದೆ ಓಡಿದೆ. ಹೊತ್ತು ಮುಳುಗುವ ಮುಂಚೆ ಕೊನೆಯ ಸಾಲೂ ನೆನೆಯಿತು.

ಮಾರನೆಯ ಬೆಳಗ್ಗೆ ತೋಟಕ್ಕೆ ಹೋದೆ. ಸಸಿಗಳು ತಲೆಯೆತ್ತಿ ನಿಂತಿದ್ದವು. ಸೀರೆ ತುಂಡನ್ನು ಎಮ್ಮೆ ಮೈ ಒರೆಸಲು ಹಾಕಿ, ಪೇಟೆಗೆ ನಡೆದು ಹೊಸ ಫಿಲ್ಟರ್, ಸೋಸಲು ತಂತಿಜಾಲರಿ, ಎರಡು ಸ್ಟೌ ಪಿನ್ ತಂದೆ. ಒಂದು ಪಿನ್ನನ್ನು ಇಂಜಿನ್ ಮನೆಯ ಗೋಡೆಗೆ ಸಿಕ್ಕಿಸಿದೆ.